ಎಷ್ಟು ಕೋಲು

ಉಪ್ಪಳದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಕೆಲಸ
ಜೆಲ್ ಹಚ್ಚುವುದು, ಒರೆಸುವುದು,
ಡಾಕ್ಟರ್ ಫಸೀಲರ ಮಲಯಾಳವನ್ನು
ಬಂದವರ ಕಿವಿಗೆ ಹೊಂದಿಸಿ ಹೇಳುವುದು.

ಹನ್ನೊಂದನೇ ಟೋಕನ್, ಬಾಯಾರಿನ ಐತು ನಾಯ್ಕರು.
ಮೂರು ಹೆಜ್ಜೆಗೊಂದು ಏದುಸಿರು.
ಮಲಗಲಿಕ್ಕೆ ಆಗುವುದಿಲ್ಲ ಎಂದು ಕೂತೇ
ಅಂಗಿ ಬಿಚ್ಚಿ ಬೆನ್ನು ಕೊಟ್ಟರು.

"ಸುರಂಗ ತೋಡುವವ ನಾನು." ಯಾರೂ ಕೇಳಿರಲಿಲ್ಲ.
"ಗುಡ್ಡೆಯ ಹೊಟ್ಟೆಗೆ ಬಗ್ಗಿ ಹೋಗಿ
ಪಿಕ್ಕಾಸಿನ ಹಿಂಬದಿಯಿಂದ ಕುಟ್ಟಿ ಕಿವಿಯಿಡಬೇಕು.
ಒಣಕಲ್ಲು ಟಣ್ ಅನ್ನುತ್ತದೆ.
ನೀರಿದ್ದ ಕಲ್ಲು
ಬಾಯಲ್ಲಿ ಅನ್ನ ಇಟ್ಟುಕೊಂಡವನ ಹಾಗೆ ಓಗೊಡುತ್ತದೆ.
ಈ ಮಿಷನಿನದ್ದೂ ಅದೇ ಅಲ್ಲವಾ?
ಕುಟ್ಟಿದ್ದು ನನಗೆ ಕೇಳುವುದಿಲ್ಲ, ಅಷ್ಟೇ."

ನಮಗೂ ಕೇಳುವುದಿಲ್ಲ ನಾಯ್ಕರೇ,
ನಿಮ್ಮ ಸುರಂಗದ ಬಾವಲಿಗೂ ಕೇಳದಷ್ಟು ಸಪೂರ.

"ಶ್ವಾಸಂ ಪಿಡಿಚ್ಚೋ" ಎಂದರು ಡಾಕ್ಟರ್.
ಉಸಿರು ಹಿಡಿಯಿರಿ ಎಂದೆ.
ಹಿಡಿಯಲಿಕ್ಕೆ ಇರಬೇಕಲ್ಲ ಎಂದು ನಕ್ಕು, ಕೆಮ್ಮಿದರು.

ಪರದೆಯಲ್ಲಿ ಬೂದಿಬಣ್ಣದ ಗುಡ್ಡೆ, ಬುಡದಲ್ಲಿ ಕಪ್ಪು.
ಕಪ್ಪೆಂದರೆ ಮರುನುಡಿಯದ ಜಾಗ.
ಅದರೊಳಗೆ ಶ್ವಾಸಕೋಶದ ತುದಿ
ತೋಡಿಗೆ ಬಿದ್ದ ಬೈರಾಸಿನಂತೆ ಅಲ್ಲಾಡುತ್ತಿತ್ತು.

"ವೆಳ್ಳಂ ಉಂಡ್."

ಇದನ್ನು ನಾನು ತಿರುಗಿಸಿ ಹೇಳಬೇಕಾಗಲಿಲ್ಲ.
ಉಂಡು. ಅವರ ತುಳುವಿನಲ್ಲೂ ಅದೇ.
ನಲವತ್ತು ವರ್ಷ ಕೆಸರು ಮೈಯಲ್ಲಿ ತೆವಳಿ ಹೊರಬಂದು
ಕಾದು ಕೂತವರಿಗೆ ಅವರೇ ಹೇಳಿದ ಮಾತು,
ಹೇಳಿದಲ್ಲೆಲ್ಲ ಬೆಲ್ಲ ನೀರು ಸಿಕ್ಕಿದೆ.
ಮುಖ ಅರಳಿಯೇ ಬಿಟ್ಟಿತು, ಅಭ್ಯಾಸಬಲ.
ಆಮೇಲೆ ಕೇಳಿದರು:
"ಎಷ್ಟು ಕೋಲು?"

ಡಾಕ್ಟರಿಗೆ ಕೋಲು ಗೊತ್ತಿಲ್ಲ.
ಎರಡು ಚುಕ್ಕೆ ಇಟ್ಟು ಅಳೆದರು, ಆರೂವರೆ ಸೆಂಟಿಮೀಟರ್.
ನಾನು ಬೆರಳು ಅಗಲಿಸಿ ತೋರಿಸಿದೆ.
"ಒಂದು ಗೇಣೂ ಇಲ್ಲವಲ್ಲ!
ಇಷ್ಟಕ್ಕೇ ದೀಪ ಸಣ್ಣಗಾಯಿತಾ?"

ಪಕ್ಕೆಲುಬುಗಳ ನಡುವೆ ಪೆನ್ನಿನಲ್ಲಿ ಒಂದು ಗೀಟು,
ಸೂಜಿ ಅಲ್ಲಿಂದ.
"ಇಳಿಜಾರು ಇರಲಿ ಅಂತ ಹೇಳು ಮಗಾ.
ನೀರು ತಾನಾಗಿ ಬರಬೇಕು, ಎಳೆಯಬಾರದು."
ಹೇಳಿದೆ. ಡಾಕ್ಟರ ಕೈ ಒಂದು ಗಳಿಗೆ ನಿಂತಿತು.
"ಶರಿಯಾಣ್," ಎಂದರು, ಯಾರಿಗೋ.

ನಳಿಕೆಯಲ್ಲಿ ಬಂತು,
ಚಾ ತೊಳೆದ ಲೋಟದ ಬಣ್ಣ.
ನಾಯ್ಕರು ಕತ್ತು ಹೊರಳಿಸಿ ನೋಡಿದರು.
"ಕಲಂಕು. ಮೊದಲ ನೀರು ಹಾಗೆಯೇ.
ಎರಡು ದಿನ ಬಿಟ್ಟರೆ ತಿಳಿಯಾಗುತ್ತದೆ."

ಅದನ್ನು ನಾನು ಮಲಯಾಳಕ್ಕೆ ತಿರುಗಿಸಲಿಲ್ಲ.
ಬಾಟಲಿಗೆ ಹೆಸರು, ಪ್ರಾಯ ಬರೆದು ಲ್ಯಾಬಿಗೆ ಕಳಿಸಿದೆ.
ಬೆನ್ನಿನ ಜೆಲ್ ಒರೆಸುವಾಗ ಗೀಟು ಮಾಸಲಿಲ್ಲ.

ಟೋಕನ್ ಹನ್ನೆರಡು.