ಪರಸಿ

ಬಿಸ್ಕತ್ತಿನ ಡಬ್ಬಿಯಲ್ಲಿ, ಇನ್ಸುಲಿನ್ ಚೀಟಿಗಳ ಕೆಳಗೆ
ಅಮ್ಮ ಇಟ್ಟಿದ್ದಳು ಆ ಕಾಗದ,
ಮೂವತ್ತೊಂದು ವರ್ಷ, ಮಡಿಸಿದಲ್ಲೇ ಸವೆದದ್ದು.
ಹೆಣ್ಣು. ಎರಡು ಕೆ.ಜಿ. ನೂರು ಗ್ರಾಂ. ತಾಯಿಯ ಒಪ್ಪಿಗೆ ಇದೆ.
ಒಪ್ಪಿಗೆ ಎಂದರೆ ನೀಲಿ ಶಾಯಿಯ ಒಂದು ಹೆಬ್ಬೆಟ್ಟು:
ಗೆರೆಯೇ ಇಲ್ಲ, ಬರೀ ಮೋಡ.

ಕಲಬುರಗಿಯ ಕಚೇರಿಯಲ್ಲಿ ಗುಮಾಸ್ತೆ
ಬೆಳಕಿಗೆ ಹಿಡಿದು ನೋಡಿದಳು.
"ಕಲ್ಲಿನ ಕೈ ರೀ ಇದು. ಪರಸಿ ಒಡಿಯೋರಿಗೆ ಗೆರಿ ಉಳಿಯಂಗಿಲ್ಲ.
ರೇಷನ್ ಅಂಗಡ್ಯಾಗ ಮಷೀನ್ ಇವರ ಹೆಬ್ಬಟ್ಟು ತಗೊಳ್ಳಂಗಿಲ್ಲ."
ಮಷೀನು ಒಪ್ಪದ ಬೆರಳನ್ನು
ಈ ಕಾಗದ ಒಪ್ಪಿಕೊಂಡಿತ್ತು.
ರಿಜಿಸ್ಟರಿನ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ:
ಜಗದೇವಿ, ಖಣಿ ಓಣಿ, ಶಹಾಬಾದ.

ಏಪ್ರಿಲ್. ಬಿಟ್ಟ ಖಣಿಯ ಹಸಿರು ನೀರಿಗೆ
ಹುಡುಗರು ಕಿರುಚುತ್ತ ಹಾರುತ್ತಿದ್ದರು.
ಬಾಗಿಲು ತೆರೆದವನ ಹೆಸರು ಸಾಬಣ್ಣ.
"ಸಂಘದ ಕಂತಿಗೆ ಬಂದೀರೇನ್ರಿ?"
ಅಲ್ಲ ಅಂದೆ. ಮುಂದಿನ ಮಾತು ಬರಲಿಲ್ಲ.
ದಾವಣಗೆರೆಯಿಂದ ರೈಲಿನುದ್ದಕ್ಕೂ ಬಾಯಿಪಾಠ ಮಾಡಿದ್ದೆ.

"ಅವ್ವ ಹೋಗಿ ಶೀಗಿ ಹುಣ್ಣಿವಿಗಿ ನಾಕು ವರ್ಷ ಆತು."

ಫೋಟೊ ಅಂತ ಇದ್ದದ್ದು ಆಧಾರಿನ ಜೆರಾಕ್ಸು,
ನಕಲಿನ ನಕಲು.
ಮೂಗಿರಬೇಕಾದ ಜಾಗದಲ್ಲಿ ಕಪ್ಪು.
ನನ್ನದನ್ನು ಮುಟ್ಟಿ ನೋಡಿಕೊಂಡೆ, ಪೆದ್ದಿಯ ಹಾಗೆ.
ನನ್ನ ಬಗ್ಗೆ ಏನಾದರೂ?
"ಇಲ್ರಿ. ಒಮ್ಮಿನೂ ಹೇಳಿದ್ದಿಲ್ಲ."
ಸುಳ್ಳು ಹೇಳಬಹುದಿತ್ತು ಅವನು,
ಹೇಳಲಿಲ್ಲ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದ.

ಕಾಗದ ಬಿಡಿಸಿಟ್ಟೆ.
ಬಹಳ ಹೊತ್ತು ನೋಡಿ, ಪಕ್ಕದಲ್ಲಿ ತನ್ನ ಹೆಬ್ಬೆರಳಿಟ್ಟ.
ಅಲ್ಲೂ ಅದೇ ಮೋಡ.
ನಾನೂ ಇಡಲು ಹೋದೆ.
ನನ್ನದರಲ್ಲಿ ಎಲ್ಲ ಗೆರೆಗಳೂ ಇದ್ದವು,
ಸುತ್ತಿ ಸುತ್ತಿ, ಒಂದೂ ಅಳಿಯದೆ.
ನಾಚಿಕೆಯಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಆಮೇಲೆ ಕೂತ ನೆಲ ತಿಳಿಯಿತು, ಅಂಗೈಗೆ.
ನಮ್ಮ ಅಡುಗೆಮನೆಯದೂ ಇದೇ ಬೂದುನೀಲಿ.
ಅಂಬೆಗಾಲಿಟ್ಟದ್ದು ಇದರ ಮೇಲೆ,
ಹಲ್ಲು ಮುರಿದದ್ದು,
ಅಪ್ಪನನ್ನು ಒಯ್ದ ಮಧ್ಯಾಹ್ನ ಕೆನ್ನೆಯೊತ್ತಿ ಮಲಗಿದ್ದು.
ಅಮ್ಮ ಮಂಡಿಯೂರಿ ಒರೆಸುತ್ತಿದ್ದಳು, ದಿನಾ, ಸಂದುಸಂದೂ.
ಯಾವ ಲಾರಿ, ಯಾರ ಉಳಿ, ಯಾವ ವರ್ಷ,
ಗೊತ್ತಿಲ್ಲ. ಬರೆದಿಡುವವರಿಲ್ಲ ಅದನ್ನೆಲ್ಲ.

ಫೋನು ಬಂತು.
ಸಿಕ್ಕರಾ ಅಂತ ಅಮ್ಮ ಕೇಳಲಿಲ್ಲ.
"ಅಲ್ಲಿ ಬಿಸಿಲು ಜೋರಂತೆ, ತಲೆ ಮೇಲೆ ಸೆರಗು ಹಾಕ್ಕೋ."
ಚೂಡಿದಾರ ಹಾಕಿದ್ದೇನಮ್ಮ ಅಂದೆ.
ಒಂದು ಕ್ಷಣ ಇಬ್ಬರೂ ಸುಮ್ಮನೆ.
ಇಲ್ಲಿ ನೆಲ ತಣ್ಣಗಿದೆ ಅಂದೆ.

ಸಾಬಣ್ಣ ಒಲೆಯ ಮೇಲೆ ಮತ್ತೆ ನೀರಿಟ್ಟ,
ಎಷ್ಟು ಲೋಟ ಅಂತ ಕೇಳದೆ.