ಹೊಸ್ತಿಲದಾಗ ನಿಂತ ಪಿನ್ನು

ಕಾಗದದಾಗ ನನ್ನ ಕೆಲಸಕ್ಕ ಹೌಸಿಂಗ್ ಡಿಸೈನ್ ಅಂತಾರ.
ಮಗ ಹೌಸಿಂಗಿನ್ಯಾಗ ಅದಾನ ಅಂತ ಅವ್ವ
ನೇಕಾರ ನಗರದ ಓಣಿ ತುಂಬ ಸಾರಿಬಿಟ್ಟಾಳ.
ಹಿಂದಿನ ಮನಿ ನೀಲವ್ವ ಇವತ್ತಿಗೂ ಕೇಳತಾಳ:
“ಒಂದು ಮೂವತ್ತು ನಲವತ್ತರ ಪ್ಲಾಟ್ ಕೊಡಸೋ ತಮ್ಮಾ.”

ನೀಲವ್ವಾ, ನಾ ಕಟ್ಟೂ ಮನಿ
ಹೆಬ್ಬಟ್ಟಿನ ಉಗುರಿನಷ್ಟು.
ಕರೀ ನೈಲಾನಿನ ಗ್ವಾಡಿ, ಆರು ಖೋಲಿ,
ಖೋಲಿಗೊಂದು ಹಿತ್ತಾಳಿ ಪಿನ್ನು,
ಪಿನ್ನಿನ ಬೆನ್ನಿಗೆ ಜೋತುಬಿದ್ದ ವಾಯರು.
ಸೂರಿನ ಕೆಳಗ ಒಂದೊಂದು ನಾಲಿಗಿ ಇಟ್ಟಿರತೇನಿ.
ಪಿನ್ನು ಒಳಗ ಬರೂವಾಗ ಬಾಗತೈತಿ,
ಬಂದ ಮ್ಯಾಲ ಎದ್ದು ಅದರ ಹೆಗಲಿಗೆ ಆನತೈತಿ,
ಟಕ್.
ಆ ಟಕ್ ಒಂದ ನಮಗ ಸಾಕ್ಷಿ.

ಶ್ರಾವಣಕ್ಕ ಮೊದಲ ಅಣ್ಣಿಗೇರಿಯ ಹಾಲಿನ ಟೆಂಪೋ ಒಂದು
ಶಿರಗುಪ್ಪಿ ದಾಟಿದ ಮ್ಯಾಲ ನಸುಕಿನ್ಯಾಗ ಕುರುಡಾತು.
ಬಾನೆಟ್ಟಿಗೆ ಗುದ್ದಿದ್ರ ದೀಪ ಹತ್ತತಿತ್ತಂತ,
ತಗ್ಗಿಗೆ ಗಾಲಿ ಇಳದ್ರ ಆರತಿತ್ತಂತ.
ಎಲೆಕ್ಟ್ರಿಶನ್ ಮೂರು ಸಲ ಫ್ಯೂಜ್ ಬದಲಿ ಮಾಡಿ
ನಾಕನೇ ಸಲ ದೇವರ ಹೆಸರು ತಗೊಂಡ.
ತಾರಿಹಾಳದ ನಮ್ಮ ಟೇಬಲ್ಲಿಗೆ ಬಂದಾಗ
ಎಲ್ಲಾ ಸರಿ ಐತಿ ಅಂತು ಮೀಟರು.
ಲೆನ್ಸ್ ಹಿಡದು ನೋಡಿದೆ.
ಮೂರನೇ ಖೋಲಿಯ ಪಿನ್ನು
ಅರ್ಧ ಮಿಲಿಮೀಟರ್ ಹಿಂದ ಸರದು ನಿಂತಿತ್ತು,
ಒಳಗ ಬರಲೋ ಬ್ಯಾಡೋ ಅನ್ನೂ ಸಿಟ್ಟಾದ ಬೀಗರಂಗ,
ಹೊಸ್ತಿಲದಾಗ.

ಫಾರ್ಮಿನ್ಯಾಗ ಬರದೆ: ಆಪರೇಟರ್ ತಪ್ಪು.
ಆಪರೇಟರ್ ಅಂದ್ರ ಕಾಶಿಂಬಿ ನದಾಫ,
ಪಾಳಿಗೆ ಎರಡು ಸಾವಿರ ಪಿನ್ನು, ಹನ್ನೊಂದು ವರ್ಷ.
ಸಹಿ ಕೇಳಾಕ ಹೋದೆ.
ಆಕಿ ಓದಿದ್ಲು, ಮಡಚಿದ್ಲು, ಚಾದ ಕಪ್ಪಿನ ಕೆಳಗ ಇಟ್ಲು.
“ಎರಡು ಹೌಸಿಂಗ್ ತುಂಬಿ ಕೊಡ್ರಿ ಸರ.”

ನಾಕನೇ ಪಿನ್ನಿಗೆ ವಾಯರು ಬಳುಕಿತು.
ಏಳನೇದಕ್ಕ ಹೆಬ್ಬಟ್ಟಿನ ಮ್ಯಾಲ ಗುಣಿ ಬಿತ್ತು.
ಬಾಜೂಕಿನ ಶೆಡ್ಡಿನ್ಯಾಗ ಪ್ರೆಸ್ಸು ಧಡಲ್ ಧಡಲ್.
ಯಾವುದು ಟಕ್ ಅಂತು, ಯಾವುದು ಅನ್ನಲಿಲ್ಲ,
ನಾ ಕಟ್ಟಿದ ಮನಿ ನನಗ ಕೇಳಸಲಿಲ್ಲ.
ಆಕಿ ಒಂದೊಂದ ವಾಯರು ಜಗ್ಗಿದ್ಲು.
ಮೂರು ಕೈಗೆ ಬಂದೂ.
“ಇಲ್ಲಿ ಕಿವಿ ನಡಿಯೂದಿಲ್ರಿ, ಬೆರಳಿಂದ ಕೇಳತೀವಿ.
ಈ ಹೊಸಾದ್ರ ನಾಲಿಗಿ ಭಾಳ ಬಿರಸು.
ಬಿರಸು ನಾಲಿಗಿ ಖರೇ ಹೇಳೂದಿಲ್ರಿ.”

ಅಚ್ಚಿನ ಮೌನೇಶ ಪತ್ತಾರ ಬೈದ:
“ನಾಲಿಗಿ ತೆಳ್ಳಗ ಆಗಬೇಕಂದ್ರ ಉಕ್ಕು ದಪ್ಪ ಆಗಬೇಕು.
ತಗದ ಉಕ್ಕು ಮತ್ತ ಹಚ್ಚಾಕ ಇದೇನು ಬೆಳ್ಳಿ ಕಾಲಗಡಗ ಏನೋ?
ಮೊದಲ ಸಣ್ಣದು ಮಾಡಿ ನೋಡಬೇಕಾಗಿತ್ತು.”
ಹೊಸಾ ತುಂಡು ಕಡದು ಕೂಡಸಾಕ ಹನ್ನೊಂದು ದಿನ ಹಿಡೀತು.
ಹನ್ನೊಂದು ದಿನವೂ ಬೈದ.

ನಾಲಿಗಿಯ ಬುಡದಾಗ ಒಂದು ಕೂದಲೆಳಿ ತಗದೆ,
ತುದಿ ಹಂಗ ಬಿಟ್ಟೆ.
ಬರೂವಾಗ ಬಾಗಲಿ, ಹೊಂಟ್ರ ಅಡ್ಡ ನಿಲ್ಲಲಿ.
ಅದರ ಮ್ಯಾಲ ಒಂದು ಕೇಸರಿ ಅಗಳಿ:
ಆರೂ ಮಂದಿ ಒಳಗ ಬಂದು ಕೂತರ
ಅಷ್ಟ ಸರೀತೈತಿ.
ಒಬ್ಬರು ಹೊಸ್ತಿಲದಾಗ ಇದ್ರೂ
ಅಗಳಿ ಅಲ್ಲೇ ನಿಂತು ಬಿಡತೈತಿ, ಗುದ್ದಿದ್ರೂ ಇಲ್ಲ.
ಒಂದು ವಾಯರಿಗೆ ಆರು ಕಿಲೋ ಕಲ್ಲು ತೂಗಹಾಕಿ
ಊಟಕ್ಕ ಹೋದಿವಿ.
ಬಂದಾಗ ಕಲ್ಲು ಅಲ್ಲೇ ಇತ್ತು.

ಕಾಶಿಂಬಿ ಕಣ್ಣು ಮುಚ್ಚಿ ಒಂದು ಪಿನ್ನು ಹಾಕಿದ್ಲು.
“ಹೂಂ,” ಅಂದ್ಲು, ಅಷ್ಟ.
ಕಪ್ಪಿನ ಕೆಳಗಿನ ಫಾರ್ಮು ತಿರುಗಿ ಕೊಟ್ಲು,
ಅದರ ಮ್ಯಾಲ ಚಾದ ಉಂಗುರ.
ಆಪರೇಟರ್ ಹೊಡದು ಹಾಕಿ ಡಿಸೈನ್ ಅಂತ ಬರದೆ,
ಕೆಳಗ ನನ್ನ ಹೆಸರು.
ಸಾವಕಾರ್ರು ಎರಡು ದಿನ ಮಾತಾಡಲಿಲ್ಲ.

ಹಳೇ ಅಚ್ಚಿನವು ನಾಕು ಸಾವಿರ
ಇನ್ನೂ ರೋಡಿನ ಮ್ಯಾಲ ಅದಾವು.
ಪತ್ರ ಕಳಿಸೇವಿ, ಮುನ್ನೂರು ತಿರುಗಿ ಬಂದಾವು.
ರಾತ್ರಿ ಗದಗ ರೋಡಿನ್ಯಾಗ ಒಂಟಿ ದೀಪದ ಟೆಂಪೋ ಎದುರಾದ್ರ
ಬೈಕ್ ಬದಿಗೆ ಹಚ್ಚಿ ಕೈ ಮಾಡತೇನಿ.
ಭಾಳ ಮಂದಿ ನಿಲ್ಲೂದಿಲ್ಲ, ಕಳ್ಳ ಅಂತ ತಿಳೀತಾರ.
ನಿಂತವನ ಬಾನೆಟ್ ಎತ್ತಿ ಬೆರಳು ಹಾಕಿ ನೋಡತೇನಿ.
ಇಲ್ಲೀತನಕ ಬಲ್ಬ್ ಹೋಗಿದ್ದ ಹೆಚ್ಚು,
ಬರೇ ಬಲ್ಬ್.