ಬೀಳದವು

ಕಂಪನಿ ವಾಪಸ್ ಕೇಳಿದೆ. ನಲವತ್ತಮೂರು ಎಂಸಿಬಿ,
ಎಲ್ಲ ನಾನೇ ಹಾಕಿದ್ದು, ಅರಸೀಕೆರೆ ತುಂಬ.

ಓಂಕಾರಮ್ಮನ ಹಿಟ್ಟಿನ ಗಿರಣಿ. ಸ್ಕ್ರೂ ಬಿಚ್ಚುತ್ತಿದ್ದರೆ
ಮೊರ ಕೆಳಗಿಟ್ಟು ಬಂದರು:
“ಚೆನ್ನಾಗಿರೋದನ್ನ ಯಾಕಪ್ಪ ಕೀಳ್ತೀಯ?
ವರ್ಷವಾಯ್ತು, ಒಂದ್ಸಲಾನೂ ಬಿದ್ದಿಲ್ಲ.”

ಅದೇ ಅಮ್ಮ ಅದರ ಕಾಯಿಲೆ.
ವೈರಿನ ಸಿಪ್ಪೆ ಒಳಗೊಳಗೇ ಕಂದಿ
ಹುರಿದ ರಾಗಿಯ ಬಣ್ಣ.

ಹೊಸದು ಕೂರಿಸಿ, ಬೇಕೆಂದೇ ಶಾರ್ಟ್ ಮಾಡಿದೆ.
ಟಪ್.
ಕತ್ತಲಲ್ಲಿ ಅವರ ದನಿ: “ನೋಡು, ಇದು ಬಿತ್ತು!”
ಕೂಲಿಯಲ್ಲಿ ಇಪ್ಪತ್ತು ಹಿಡಿದುಕೊಂಡರು.

ಪಟ್ಟಿಯಲ್ಲಿ ಮೂರು ಮನೆ ಗುರುತು ಸಿಗುತ್ತಿಲ್ಲ,
ಬಾಡಿಗೆಯವರು ಬದಲಾಗಿದ್ದಾರೆ, ರಸೀದಿಯ ಶಾಯಿ ಅಳಿಸಿದೆ.
ರಾತ್ರಿ ರೈಲ್ವೆ ಬ್ರಿಜ್ ಮೇಲೆ ಬೈಕು ನಿಲ್ಲಿಸಿ
ಊರು ನೋಡುತ್ತೇನೆ. ಎಲ್ಲ ಕಡೆ ಬೆಳಕು.
ಎಲ್ಲಾದರೂ ಒಂದು
ಆರಲಿ ಅಂತ ಕಾಯುತ್ತೇನೆ.